ವಲಸಿಗನ ಮಂತ್ರಿಪದವಿ, ಲೈನ್ ಮನೆಯ ಮತ

ರಾಜ್ಯದಲ್ಲಿ ಹೊಸ ಮಂತ್ರಿಮಂಡಲವೊಂದು ರಚನೆಯಾದ ಮರುದಿನ ನಮ್ಮ ಸಮುದಾಯದಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: “ನಮ್ಮವರು ಎಷ್ಟು ಮಂದಿ?” ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತವರು ಅದನ್ನೇ ಕೇಳುತ್ತಾರೆ, ತೋಟದ ಮಾಲೀಕರು ಕೇಳುತ್ತಾರೆ, ಅವರ ತೋಟದ ರೈಟರೂ ಕೇಳುತ್ತಾನೆ. 2023ರ ಮೇ 20ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿಗಳೊಡನೆ ಪ್ರಮಾಣವಚನ ಸ್ವೀಕರಿಸಿದ ಎಂಟು ಮಂದಿ ಸಚಿವರಲ್ಲಿ ಶ್ರೀ ಕೆ.ಜೆ. ಜಾರ್ಜ್ ಅವರೂ ಇದ್ದುದರಿಂದ, ಆ ಬಾರಿ ಪ್ರಶ್ನೆಗೆ ಉತ್ತರ ದೊರೆಯಿತು. ಉತ್ತರ ದೊರೆತೊಡನೆ ಸಮಾಧಾನವೂ ದೊರೆಯಿತು. ಆದರೆ ಪ್ರಶ್ನೆಯೇ ಸರಿಯಾದುದೇ ಎಂಬುದನ್ನು ನಾವು ವಿಚಾರಿಸಿದಂತಿಲ್ಲ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟಗಳಲ್ಲಿ ಬಾಳುವ ನಮಗೆ, ಅಂದರೆ ಬಹುಮಟ್ಟಿಗೆ ಎಲ್ಲಿಂದಲೋ ವಲಸೆ ಬಂದು ಇಲ್ಲಿ ನೆಲೆ ನಿಂತವರ ಮಕ್ಕಳು ಮೊಮ್ಮಕ್ಕಳಾದ ನಮಗೆ, ಶ್ರೀ ಜಾರ್ಜ್ ಅವರ ರಾಜಕೀಯ ಜೀವನವು ಪರಿಶೀಲನೆಗೆ ಯೋಗ್ಯವಾದ ವಿಷಯ. ಅದು ಅಭಿಮಾನಕ್ಕೆ ಎಷ್ಟು ಅವಕಾಶ ಕೊಡುತ್ತದೆಯೋ ಆಲೋಚನೆಗೂ ಅಷ್ಟೇ ಅವಕಾಶ ಕೊಡುತ್ತದೆ.

ಅವರು ಹುಟ್ಟಿದ್ದು 1949ರಲ್ಲಿ, ಕೇರಳದ ಕೊಟ್ಟಾಯಂ ಸಮೀಪದ ಚಿಂಗವನದಲ್ಲಿ. ಕುಟುಂಬವು ಕೊಡಗಿಗೆ ವಲಸೆ ಬಂದು ಗೋಣಿಕೊಪ್ಪಲಿನಲ್ಲಿ ನೆಲೆಸಿತು. ಅರುವತ್ತರ ದಶಕದ ಕೊನೆಯಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ತರುಣರಾಗಿದ್ದಾಗಲೇ, ಯುವ ಕಾಂಗ್ರೆಸ್ಸಿನ ಮೂಲಕ ಅವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1985 ಮತ್ತು 1989ರ ಚುನಾವಣೆಗಳಲ್ಲಿ ಬೆಂಗಳೂರಿನ ಭಾರತಿನಗರ ಕ್ಷೇತ್ರದಿಂದ ಆಯ್ಕೆಯಾದರು. ವೀರೇಂದ್ರ ಪಾಟೀಲ ಮತ್ತು ಬಂಗಾರಪ್ಪನವರ ಸರಕಾರಗಳಲ್ಲಿ ಮಂತ್ರಿಯಾದರು. ಆಮೇಲೆ ದೀರ್ಘಕಾಲ ವಿಧಾನಸಭೆಯ ಹೊರಗುಳಿದು, 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಿಂದ ಹೊಸದಾಗಿ ರೂಪುಗೊಂಡ ಸರ್ವಜ್ಞನಗರದಿಂದ ಮರಳಿ ಬಂದರು. 2013, 2018, 2023ರಲ್ಲಿಯೂ ಅಲ್ಲಿಂದಲೇ ಗೆದ್ದರು. 2013ರಲ್ಲಿ ಗೃಹ ಸಚಿವರಾಗಿ, 2015ರಲ್ಲಿ ಬೆಂಗಳೂರು ಅಭಿವೃದ್ಧಿ ಸಚಿವರಾಗಿ, 2018ರ ಸಮ್ಮಿಶ್ರ ಸರಕಾರದಲ್ಲಿ ಕೈಗಾರಿಕಾ ಸಚಿವರಾಗಿ, 2023ರಲ್ಲಿ ಇಂಧನ ಸಚಿವರಾಗಿ ಅಧಿಕಾರ ವಹಿಸಿಕೊಂಡರು. ಊರಿಂದೂರಿಗೆ ಅಲೆದು ಬಾಳಿದ ಸರ್ವಜ್ಞಕವಿಯ ಹೆಸರನ್ನು ಹೊತ್ತ ಕ್ಷೇತ್ರವನ್ನು ವಲಸಿಗನೊಬ್ಬನು ಇಷ್ಟು ಕಾಲ ಪ್ರತಿನಿಧಿಸುತ್ತಿರುವುದು ಕಾಕತಾಳೀಯವಾದರೂ ಸೊಗಸಾಗಿದೆ.

ಶಾಸಕರ ಪರಿಚಯ ಪುಸ್ತಿಕೆಗಳನ್ನು ತಿರುವಿಹಾಕಿದವರು ಬಲ್ಲರು. ‘ವೃತ್ತಿ’ ಎಂಬಲ್ಲಿ ‘ಕೃಷಿ ಮತ್ತು ಸಮಾಜಸೇವೆ’ ಎಂದು ಬರೆಯದ ಶಾಸಕರು ವಿರಳ. ಎಲ್ಲರೂ ಬಳಸಿ ಸವೆಸಿದ ಮಾತು ಅದು. ಆದರೆ ವಲಸಿಗನ ವಿಷಯದಲ್ಲಿ ಅದಕ್ಕೆ ನಿಜವಾದ ಅರ್ಥವೊಂದುಂಟು. ಸ್ಥಳೀಯನಾದ ರಾಜಕಾರಣಿಗೆ ಹುಟ್ಟಿನಿಂದಲೇ ಒಂದು ಬಂಡವಾಳವಿರುತ್ತದೆ: ಮನೆತನ, ಬಳಗ, ಜಾತಿ, ಊರದೇವರ ಜಾತ್ರೆಯಲ್ಲಿ ತಾತನಿಗೆ ಸಲ್ಲುತ್ತಿದ್ದ ಮರ್ಯಾದೆ. ವಲಸೆ ಬಂದವನಿಗೆ ಇವಾವುವೂ ಇಲ್ಲ. ಅವನು ಯಾರದೋ ಅರ್ಜಿ ಬರೆದುಕೊಟ್ಟು, ಇನ್ನಾರನ್ನೋ ಆಸ್ಪತ್ರೆಗೆ ಕರೆದೊಯ್ದು, ತಾಲ್ಲೂಕು ಕಚೇರಿಯಲ್ಲಿ ಬೇರೊಬ್ಬರ ಕಡತದ ಬೆನ್ನುಹತ್ತಿ, ಹೀಗೆ ಒಂದೊಂದಾಗಿ ನಂಟುಗಳನ್ನು ಕೂಡಿಹಾಕಬೇಕು. ಬಳಗವಿಲ್ಲದವನಿಗೆ ಸೇವೆಯೇ ಬಳಗ. ಇಂಥವನಿಗೆ ಎರಡನೆಯದಾಗಿ ಬೇಕಾಗುವುದು ಪಕ್ಷದ ಸಂಘಟನೆ. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಹಳೆಯ ಮುಖಂಡರು ಬಹುಪಾಲು ಒಂದು ಕಡೆ ಉಳಿದರು. ಹೊಸ ಬಣಕ್ಕೆ ಹೊಸ ಜನ ಬೇಕಾಗಿತ್ತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರು ಸಣ್ಣ ಜಾತಿಗಳವರನ್ನೂ ಅಲ್ಪಸಂಖ್ಯಾತರನ್ನೂ ಹುಡುಕಿ ತಂದದ್ದು ಈ ರಾಜ್ಯದ ಇತಿಹಾಸದಲ್ಲಿ ದಾಖಲಾಗಿದೆ. ಜಾತಿಯ ಬೆಂಬಲವಿಲ್ಲದ ತರುಣರಿಗೆ ಆ ಬಾಗಿಲು ತೆರೆದ ಕಾಲ ಅದು. ಅದೇ ತರುಣರು ಹತ್ತು ವರ್ಷ ಮುಂಚೆ ಬಂದಿದ್ದರೆ ಹೊಸ್ತಿಲಲ್ಲಿಯೇ ನಿಂತಿರುತ್ತಿದ್ದರೋ ಏನೋ.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಗೋಣಿಕೊಪ್ಪಲಿನಲ್ಲಿ ರಾಜಕೀಯ ಕಲಿತವರು ಶಾಸಕರಾದದ್ದು ಗೋಣಿಕೊಪ್ಪಲಿನಿಂದಲ್ಲ. ಆ ಊರಿದ್ದ ವಿರಾಜಪೇಟೆ ಕ್ಷೇತ್ರವು ಆಗ ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿತ್ತು. 2008ರವರೆಗೂ ಹಾಗೆಯೇ ಇತ್ತು. ಬೆಂಗಳೂರು ದಂಡುಪ್ರದೇಶದ ಭಾರತಿನಗರವಾದರೋ ತಮಿಳರು, ಮುಸಲ್ಮಾನರು, ಕ್ರೈಸ್ತರು, ಮಲಯಾಳಿಗಳು ಒಟ್ಟಿಗೆ ಬಾಳುವ ಸ್ಥಳ. ಅಲ್ಲಿ ‘ನೀನು ಎಲ್ಲಿಂದ ಬಂದೆ’ ಎಂದು ಕೇಳುವವನೂ ಎಲ್ಲಿಂದಲೋ ಬಂದವನೇ. ಬೆಟ್ಟದಿಂದ ಬಂದ ವಲಸಿಗನು ನಗರದ ವಲಸಿಗರ ಮತದಿಂದ ಮೇಲೇರಿದನೆಂಬುದು ಈ ರಾಜಕೀಯ ಜೀವನದ ಸಾರ. ಮೇಲೇರಿದುದು ಅವರ ಸಾಮರ್ಥ್ಯಕ್ಕೆ ಸಾಕ್ಷಿ. ಆದರೆ ಬೆಟ್ಟದಲ್ಲಿಯೇ ಉಳಿದ ವಲಸಿಗರು, ಅಂದರೆ ತೋಟಗಳ ಲೈನ್ ಮನೆಗಳವರು, ಆ ಏಣಿಯಲ್ಲಿ ಒಂದು ಮೆಟ್ಟಿಲನ್ನೂ ಏರಿದವರಲ್ಲ. ಈ ಭೇದವನ್ನು ಮರೆತು ‘ನಮ್ಮವರೊಬ್ಬರು ಮಂತ್ರಿಗಳು’ ಎಂದಾಗ ‘ನಮ್ಮವರು’ ಎಂಬ ಪದದೊಳಗೆ ಯಾರಿದ್ದಾರೆ, ಯಾರಿಲ್ಲ?

ಸಮುದಾಯದ ಮಂತ್ರಿಯೊಬ್ಬರಿದ್ದರೆ ಸಮುದಾಯಕ್ಕೆ ಏನು ದೊರೆಯುತ್ತದೆ? 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಪ್ರದೇಶಗಳಲ್ಲಿ ನಮ್ಮ ದೇವಾಲಯಗಳ ಮೇಲೆ ದಾಳಿ ನಡೆದಾಗ ಶ್ರೀ ಜಾರ್ಜ್ ವಿರೋಧಪಕ್ಷದ ಶಾಸಕರಾಗಿದ್ದರು. ಆ ಬಗೆಗೆ ವಿಚಾರಣೆ ನಡೆಸಲು ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಯಿತು. ಐದು ವರ್ಷಗಳ ನಂತರ ಗೃಹ ಖಾತೆಯೇ ಅವರ ಕೈಗೆ ಬಂದಿತು. ಹಾಗೆಂದು ನಾವು ಅವರಿಂದ ಪಕ್ಷಪಾತವನ್ನು ನಿರೀಕ್ಷಿಸಬೇಕಾಗಿತ್ತೇ? ಖಂಡಿತವಾಗಿಯೂ ಇಲ್ಲ. ಗೃಹ ಸಚಿವನು ಇಡೀ ರಾಜ್ಯದ ಗೃಹ ಸಚಿವ. ಸಂತ ತೋಮಸ್ ಅಕ್ವಿನಾಸರು ಕಾನೂನಿನ ಲಕ್ಷಣವನ್ನು ಹೇಳುವಾಗ ಅದು ಸರ್ವರ ಹಿತಕ್ಕಾಗಿ ಇರತಕ್ಕದ್ದೆಂದು ಮೊದಲೇ ನಿಗದಿಪಡಿಸಿದ್ದಾರೆ. ಒಂದು ಗುಂಪಿನ ಹಿತಕ್ಕಾಗಿ ಮಾತ್ರ ನಡೆಯುವ ಆಳ್ವಿಕೆ, ಆ ಗುಂಪು ನಮ್ಮದೇ ಆಗಿದ್ದರೂ, ಆಳ್ವಿಕೆಯ ಹೆಸರಿಗೆ ತಕ್ಕುದಲ್ಲ. 2016ರ ಜುಲೈಯಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಮಡಿಕೇರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡ ಪ್ರಕರಣದಲ್ಲಿ ಅವರ ಹೆಸರು ಕೇಳಿಬಂದಾಗ ಅವರು ರಾಜೀನಾಮೆ ಕೊಟ್ಟರು. ಸಿ.ಐ.ಡಿ. ವರದಿ ಬಂದ ಬಳಿಕ ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲಕ್ಕೆ ಮರಳಿದರು; ಸುಪ್ರೀಂ ಕೋರ್ಟಿನ ಆದೇಶದಂತೆ ತನಿಖೆ ನಡೆಸಿದ ಸಿ.ಬಿ.ಐ. ಕೂಡ 2019ರಲ್ಲಿ ಪ್ರಕರಣ ಮುಕ್ತಾಯದ ವರದಿಯನ್ನೇ ಸಲ್ಲಿಸಿತು. ಆ ದಿನಗಳಲ್ಲಿ ನಮ್ಮವರಲ್ಲಿ ಕೆಲವರು ವಿಚಾರಣೆಗೆ ಮೊದಲೇ ‘ಕ್ರೈಸ್ತರೆಂಬ ಕಾರಣಕ್ಕೆ ಹೀಗೆ’ ಎಂದರು. ಎದುರು ಪಕ್ಷದಲ್ಲಿ ಕೆಲವರು ವಿಚಾರಣೆಗೆ ಮೊದಲೇ ‘ಕ್ರೈಸ್ತರಲ್ಲವೇ’ ಎಂದರು. ಎರಡೂ ಒಂದೇ ರೋಗದ ಲಕ್ಷಣ. ವ್ಯಕ್ತಿಯನ್ನು ಸಮುದಾಯದ ಪ್ರತಿಮೆಯಾಗಿ ನಿಲ್ಲಿಸಿದೊಡನೆ ಅವನ ಮೇಲೆ ಬಿದ್ದ ಕಲ್ಲು ನಮ್ಮೆಲ್ಲರಿಗೂ ತಾಗುತ್ತದೆ. ಅವನು ಎಸೆದ ಕಲ್ಲೂ ನಮ್ಮದೇ ಆಗುತ್ತದೆ.

ಈ ಎರಡನೆಯ ಮಾತಿಗೆ ಒಂದು ದೃಷ್ಟಾಂತ ಕೊಡಗಿನಿಂದಲೇ ದೊರೆಯುತ್ತದೆ. ಎಸ್.ಎಂ. ಕೃಷ್ಣ ಅವರ ಸರಕಾರದಲ್ಲಿ ಕೊಡಗಿನ ಕಾಫಿ ಬೆಳೆಗಾರರಾದ ಟಿ. ಜಾನ್ ಅವರು ಸಚಿವರಾಗಿದ್ದರು. 2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಭೂಕಂಪವಾಗಿ ಸಹಸ್ರಾರು ಜನ ಮಡಿದರು. ಕ್ರೈಸ್ತರ ಮೇಲೆ ಅಲ್ಲಿ ನಡೆದಿದ್ದ ದೌರ್ಜನ್ಯಕ್ಕೆ ಇದು ದೇವರು ಕೊಟ್ಟ ಶಿಕ್ಷೆ ಎಂಬ ಅರ್ಥದ ಮಾತನ್ನು ಅವರು ಸಭೆಯೊಂದರಲ್ಲಿ ಆಡಿದರು. ಕೆಲವೇ ದಿನಗಳಲ್ಲಿ ಮಂತ್ರಿಪದವಿ ಹೋಯಿತು. ಹೋದದ್ದು ನ್ಯಾಯವೇ. ರಾಜಕೀಯವಾಗಿ ಅದು ಅವಿವೇಕವಾಗಿತ್ತೆಂದು ಪತ್ರಿಕೆಗಳು ಆಗಲೇ ಬರೆದವು. ಧರ್ಮಶಾಸ್ತ್ರದ ದೃಷ್ಟಿಯಿಂದ ಅದು ಅಸತ್ಯವಾಗಿತ್ತೆಂಬುದನ್ನು ಹೇಳಬೇಕಾದ ಹೊಣೆ ನಮ್ಮಂಥವರದು. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯ ಪ್ರಸ್ತಾಪ ಬಂದಾಗ, ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ತರ್ಕವನ್ನು ಯೇಸುಸ್ವಾಮಿ ಸ್ಪಷ್ಟವಾಗಿ ತಳ್ಳಿಹಾಕಿದ್ದು ಸಂತ ಲೂಕನ ಶುಭಸಂದೇಶದಲ್ಲಿದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದೇ ತರ್ಕವನ್ನು ಹೂಡಿದಾಗಲೂ ಅವರಿಗೆ ಅದೇ ಉತ್ತರ ದೊರಕಿತು. ಯೋಬನ ಗ್ರಂಥವಂತೂ ಆದಿಯಿಂದ ಅಂತ್ಯದವರೆಗೆ ಈ ತರ್ಕದ ಖಂಡನೆಯೇ. ದುಃಖವನ್ನು ಶಿಕ್ಷೆಯೆಂದು ಓದುವವನು ದೇವರ ಲೆಕ್ಕಪುಸ್ತಕವನ್ನು ತಾನೇ ಬರೆಯಲು ಹೊರಟವನು. ಇಷ್ಟನ್ನು ತಿಳಿದಿದ್ದ ಸಮುದಾಯದ ಮಂತ್ರಿಯ ಬಾಯಲ್ಲಿ ಆ ಮಾತು ಬಂದದ್ದರಿಂದ, ಎಷ್ಟೋ ಮನೆಗಳಲ್ಲಿ ಯಾವ ಪಾಪವನ್ನೂ ಅರಿಯದ ಜನರು ನೆರೆಹೊರೆಯವರ ಮುಂದೆ ತಲೆತಗ್ಗಿಸಬೇಕಾಯಿತು.

ವಲಸೆ ಬಂದು ಮಂತ್ರಿಯಾದ ಕಥೆ ನಮ್ಮ ಪವಿತ್ರ ಗ್ರಂಥದಲ್ಲಿಯೇ ಇದೆ. ಯಕೋಬನ ಮಗನಾದ ಜೋಸೆಫನು ಗುಲಾಮನಾಗಿ ಈಜಿಪ್ಟಿಗೆ ಮಾರಲ್ಪಟ್ಟು, ಸೆರೆಮನೆಯನ್ನು ದಾಟಿ, ಫರೋಹನ ನಂತರದ ಸ್ಥಾನಕ್ಕೆ ಏರಿದನು. ಬರಗಾಲದಲ್ಲಿ ದೇಶವನ್ನು ಕಾಪಾಡಿದನು. ಪ್ರಸಂಗಗಳಲ್ಲಿ ನಾವು ಕಥೆಯನ್ನು ಸಾಮಾನ್ಯವಾಗಿ ಅಣ್ಣತಮ್ಮಂದಿರ ಪುನರ್ಮಿಲನದ ಕಣ್ಣೀರಿನಲ್ಲಿ ಮುಗಿಸಿಬಿಡುತ್ತೇವೆ. ಆದಿಕಾಂಡದ 47ನೆಯ ಅಧ್ಯಾಯವನ್ನು ಓದುವವರು ಕಡಿಮೆ. ಅಲ್ಲಿ ಜೋಸೆಫನು ತನ್ನ ಬಂಧುಗಳಿಗೆ ಗೋಷೆನ್ ಪ್ರಾಂತ್ಯದ ಉತ್ತಮ ಭೂಮಿಯನ್ನು ಕೊಡಿಸುತ್ತಾನೆ. ಅದೇ ಅಧ್ಯಾಯದಲ್ಲಿ ಧಾನ್ಯಕ್ಕೆ ಬದಲಾಗಿ ಈಜಿಪ್ಟಿನ ರೈತರ ದನಕರುಗಳನ್ನೂ ಹೊಲಗಳನ್ನೂ ಕಡೆಗೆ ಅವರನ್ನೂ ಫರೋಹನ ಸೊತ್ತಾಗಿಸುತ್ತಾನೆ. ವಿಮೋಚನಾಕಾಂಡದ ಮೊದಲ ಅಧ್ಯಾಯಕ್ಕೆ ಬರುವಷ್ಟರಲ್ಲಿ ಜೋಸೆಫನನ್ನು ಅರಿಯದ ಹೊಸ ಅರಸು ಪಟ್ಟಕ್ಕೆ ಬಂದಿದ್ದಾನೆ, ಗೋಷೆನ್‌ನವರು ಇಟ್ಟಿಗೆ ಮಾಡುತ್ತಿದ್ದಾರೆ. ಮಂತ್ರಿಯ ಕೃಪೆಯಿಂದ ದೊರೆತದ್ದು ಮಂತ್ರಿಯ ಹೆಸರು ಮರೆತುಹೋಗುವವರೆಗೆ ಮಾತ್ರ ಉಳಿದಿತ್ತು. ವ್ಯಾಖ್ಯಾನಕಾರರು ಇದನ್ನು ಬೇರೆ ರೀತಿಯಲ್ಲಿಯೂ ವಿವರಿಸುತ್ತಾರೆ. ವಲಸಿಗರ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವವನಿಗೆ ಹೀಗೆ ಕಂಡರೆ ಆಶ್ಚರ್ಯವಿಲ್ಲ.

ಇನ್ನು ನಮ್ಮ ಬೆಟ್ಟಗಳ ಮಾತು. ಮಂಜರಾಬಾದ್ ಎಂದರೆ ಇಂದು ಪ್ರವಾಸಿಗರಿಗೆ ನಕ್ಷತ್ರಾಕಾರದ ಕೋಟೆ ಮಾತ್ರ; ಹಿಂದೆ ಅದು ಈ ಸೀಮೆಯ ತಾಲ್ಲೂಕಿನ ಹೆಸರು. ಇಲ್ಲಿಂದ ರಾಜ್ಯ ರಾಜಕೀಯಕ್ಕೆ ಹೋದ ವಲಸಿಗನೊಬ್ಬನ ಹೆಸರು ಬಹುಮಂದಿಗೆ ತಿಳಿಯದು. ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಎಂಬಾತ 1856ರ ಹೊತ್ತಿಗೆ ಬಂದು ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದನು; ಮೈಸೂರಿನ ಚಿನ್ನ, ಬೇಟೆ, ಕಾಫಿ ಕೃಷಿಗಳನ್ನು ಕುರಿತ ಅವನ ಪುಸ್ತಕ 1894ರಲ್ಲಿ ಪ್ರಕಟವಾಯಿತು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಈತನೂ ಪ್ರತಿನಿಧಿಯಾಗಿ ಕುಳಿತನು. ದೇಶೀ ಸಂಸ್ಥಾನಗಳಲ್ಲಿ ಅಂಥ ಸಭೆ ಅದೇ ಮೊದಲು. ಪ್ರಥಮ ಅಧಿವೇಶನಕ್ಕೆ 144 ಮಂದಿ ಬಂದಿದ್ದರು. ಆದರೆ ಪ್ರತಿನಿಧಿತ್ವವು ಆಸ್ತಿಯುಳ್ಳವರಿಗೆ, ಕಂದಾಯ ಕಟ್ಟುವವರಿಗೆ, ವರ್ತಕರಿಗೆ ಮೀಸಲಾಗಿತ್ತು. ತೋಟದ ಒಡೆಯನಾಗಿ ಬಂದ ವಲಸಿಗನಿಗೆ ಅಲ್ಲಿ ಕುರ್ಚಿ ದೊರೆಯಿತು. ಅದೇ ತೋಟಕ್ಕೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿ ಕೊಟ್ಟ ಮುಂಗಡ ಹಣಕ್ಕೆ ಕಟ್ಟುಬಿದ್ದು ಬಂದ ಆಳಿಗೆ ದೊರೆತದ್ದು 1859ರ ಕರಾರುಭಂಗ ಕಾಯ್ದೆ. ಮುಂಗಡ ಪಡೆದು ಕೆಲಸ ಬಿಟ್ಟುಹೋದವನನ್ನು ಶಿಕ್ಷಿಸುವ ಕಾನೂನು ಅದು. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಸ್ಥಿತಿಯನ್ನು ಕುರಿತು ಪತ್ರ ಬರೆದಾಗ ಈ ಬೆಟ್ಟಗಳ ತೋಟಗಳಲ್ಲಿ ಆಳುಗಳ ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿತ್ತು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಆ ಪೂರ್ವಾಧಿಕಾರಿಯನ್ನು ನೆನೆದೇ ಈ ಹೆಸರನ್ನು ಆರಿಸಿಕೊಂಡರು.

ಸ್ವಾತಂತ್ರ್ಯ ಬಂದಿತು, ವಯಸ್ಕರಿಗೆಲ್ಲ ಮತದಾನದ ಹಕ್ಕು ಬಂದಿತು. 1951ರ ತೋಟ ಕಾರ್ಮಿಕರ ಕಾಯ್ದೆಯು ವಸತಿ, ವೈದ್ಯೋಪಚಾರ, ಶಿಶುಪಾಲನೆಗಳನ್ನು ಮಾಲೀಕನ ಕರ್ತವ್ಯವಾಗಿಸಿತು. ಅದು ದೊಡ್ಡ ತೋಟಗಳಿಗೆ ಅನ್ವಯಿಸಿತು, ಚಿಕ್ಕವು ಹೊರಗುಳಿದವು. 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಅದನ್ನು ಈಗ ವಿಲೀನಗೊಳಿಸಲಾಗಿದೆ. ವಸತಿಯು ಹಕ್ಕಾದುದು ಒಳ್ಳೆಯದೇ. ಆದರೆ ಕೆಲಸದೊಡನೆ ಮನೆ, ಕೆಲಸ ಹೋದರೆ ಮನೆಯೂ ಇಲ್ಲವೆಂಬ ವ್ಯವಸ್ಥೆಯಲ್ಲಿ ಮನುಷ್ಯನಿಗೆ ವಿಳಾಸವೆಂಬುದೇ ನಿಲ್ಲದು. ಒಂದು ತೋಟದಿಂದ ಇನ್ನೊಂದಕ್ಕೆ, ಆಲೂರಿನಿಂದ ಹಾನುಬಾಳಿಗೆ, ಅಲ್ಲಿಂದ ಮೂಡಿಗೆರೆಯ ಕಡೆಗೆ ಹೋಗುವ ಸಂಸಾರದ ಪಡಿತರ ಚೀಟಿ ಒಂದೂರಲ್ಲಿ, ಮಕ್ಕಳ ಶಾಲೆಯ ದಾಖಲೆ ಇನ್ನೊಂದೂರಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿಯೂ ಇಲ್ಲ.

ಸಕಲೇಶಪುರ ವಿಧಾನಸಭಾ ಕ್ಷೇತ್ರವು, ಆಲೂರನ್ನೂ ಒಳಗೊಂಡು, 2008ರಿಂದ ಪರಿಶಿಷ್ಟ ಜಾತಿಗಳಿಗೆ ಮೀಸಲಾಗಿದೆ. ಶ್ರೀ ಎಚ್.ಕೆ. ಕುಮಾರಸ್ವಾಮಿ ಅವರು ಮೂರು ಬಾರಿ ಆಯ್ಕೆಯಾದರು. 2023ರಲ್ಲಿ ಶ್ರೀ ಸಿಮೆಂಟ್ ಮಂಜು ಗೆದ್ದರು. ತೋಟದ ಒಡೆಯರೇ ಬಹುಕಾಲ ರಾಜಕೀಯದ ಮುಂಚೂಣಿಯಲ್ಲಿದ್ದ ಸೀಮೆಯಲ್ಲಿ ಈ ಮೀಸಲಾತಿ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಇದನ್ನು ಕೇಳಿ ಕೆಲವರಿಗೆ ಅಸಮಾಧಾನವಾಗುವುದೆಂದು ಬಲ್ಲೆ. ಆದರೆ ಇದರೊಳಗೆ ಇನ್ನೊಂದು ಗಂಟಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನವು ಮೊದಲು ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಸಲ್ಲುತ್ತದೆ. ಲೈನ್ ಮನೆಯ ದಲಿತ ಕ್ರೈಸ್ತನಿಗೆ ಸಲ್ಲದು. ಆದುದರಿಂದ ತನ್ನದೇ ಕ್ಷೇತ್ರದಲ್ಲಿ ಅವನು ಮತ ಹಾಕಬಹುದು, ಅಭ್ಯರ್ಥಿಯಾಗಿ ನಿಲ್ಲಲಾರ. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರಕಾರವು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು. ದಲಿತ ಕ್ರೈಸ್ತರ ಬೇಡಿಕೆಯ ಸಭೆಗಳಲ್ಲಿ ನಾವು ಭಾಷಣ ಮಾಡುತ್ತೇವೆ. ಅದೇ ದಲಿತ ಕ್ರೈಸ್ತನಿಗೆ ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ಎಷ್ಟು ಸ್ಥಾನವಿದೆಯೆಂಬುದನ್ನು ಭಾಷಣಕಾರರು ಲೆಕ್ಕ ಹಾಕಿ ಬರುವುದು ಒಳ್ಳೆಯದು.

ಈಚಿನ ವರುಷಗಳಲ್ಲಿ ತೋಟಗಳಿಗೆ ಬರುತ್ತಿರುವವರು ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳ ಕಡೆಯವರು. ಇವರಲ್ಲಿ ಕಥೋಲಿಕ ವಿಶ್ವಾಸಿಗಳೂ ಇದ್ದಾರೆ. ಕನ್ನಡವೂ ಕೊಂಕಣಿಯೂ ತಿಳಿಯದೆ ಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಆಲೂರಿನ ಕಡೆ ಶುಂಠಿಗೆಂದು ಭೂಮಿಯನ್ನು ಗುತ್ತಿಗೆ ಹಿಡಿದ ಕೇರಳದವರಿಗೆ ದೊರೆಯುವ ಮರ್ಯಾದೆ ಇವರಿಗಿಲ್ಲ. ಬಂಗಾಳಿ ಮಾತಾಡಿದರೆ ಸಾಕು, ‘ಬಾಂಗ್ಲಾದವನು’ ಎಂಬ ಸಂಶಯ. ಪರದೇಶದವರು ಕಾನೂನು ಮೀರಿ ಬಂದಿದ್ದರೆ ಅದನ್ನು ನೋಡಿಕೊಳ್ಳಲು ಕಾನೂನಿದೆ. ಆದರೆ ಸಂಶಯಕ್ಕೆ ಕಾನೂನು ಬೇಕಿಲ್ಲ, ಮುಖ ಕಂಡರೆ ಸಾಕು. ನಮ್ಮ ಅಜ್ಜಂದಿರು ಘಟ್ಟವೇರಿ ಬಂದಾಗ ಇಲ್ಲಿನವರು ಅವರನ್ನೂ ಹೀಗೆಯೇ ಅಳೆದು ನೋಡಿದ್ದರು. ಆನೆ ತುಳಿದು ಕೂಲಿಯಾಳು ಸತ್ತಾಗ (ಈ ಎರಡು ತಾಲ್ಲೂಕುಗಳಲ್ಲಿ ಅದು ಅಪರೂಪದ ಸುದ್ದಿಯೇನಲ್ಲ) ಪರಿಹಾರಕ್ಕಾಗಿ ಮೊದಲು ಕೇಳುವುದು ದಾಖಲೆಗಳನ್ನೇ. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಅದು ಶ್ರೀ ಜಾರ್ಜ್ ಅವರ ಇಂಧನ ಇಲಾಖೆಗೇ ಸೇರಿದ ಯೋಜನೆ. ಅದರಿಂದ ಬಡವರ ಮನೆಗೆ ಬೆಳಕಾದುದನ್ನು ಅಲ್ಲಗಳೆಯಲಾಗದು. ಆದರೆ ಇಡೀ ಲೈನಿಗೆ ಒಂದೇ ಮೀಟರು, ಅದೂ ತೋಟದ ಹೆಸರಿನಲ್ಲಿ ಎಂದಾದರೆ, ಆ ಸೊನ್ನೆಯ ಬಿಲ್ಲು ಯಾರ ಮನೆಗೆ ಬರಬೇಕು? ವಲಸಿಗರಾಗಿ ಬೆಟ್ಟದಲ್ಲಿ ಬೆಳೆದ ಸಚಿವರಿಗೆ ಈ ಪ್ರಶ್ನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಕೇಳಬೇಕಾದವರು ಕೇಳಿಲ್ಲ, ಅಷ್ಟೆ. ಕೇಳಲು ಅವರ ಹೆಸರು ಯಾವ ಪಟ್ಟಿಯಲ್ಲಾದರೂ ಇರಬೇಕಲ್ಲವೇ?

ಬೇರೊಂದು ದೇಶದ ಉದಾಹರಣೆಯನ್ನು ಇಲ್ಲಿ ನೋಡಬಹುದು. 1965ರಲ್ಲಿ ಚೆನ್ನೈಯಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿನಲ್ಲಿ ಓದಲೆಂದು ಅಮೆರಿಕಕ್ಕೆ ಹೋದ ಪ್ರಮೀಳಾ ಜಯಪಾಲ್ ಎಂಬ ಮಹಿಳೆ ಅಲ್ಲಿನ ಪೌರತ್ವ ಪಡೆದದ್ದು 2000ದಲ್ಲಿ. 2001ರ ಸೆಪ್ಟೆಂಬರಿನ ಭಯೋತ್ಪಾದಕ ದಾಳಿಯ ನಂತರ ಅರಬ್, ಮುಸ್ಲಿಂ, ದಕ್ಷಿಣ ಏಷ್ಯಾ ಮೂಲದ ವಲಸಿಗರ ಮೇಲೆ ದ್ವೇಷ ಹರಡಿದಾಗ ಅವರು ಸಿಯಾಟಲ್ ನಗರದಲ್ಲಿ ಸೇವಾಸಂಸ್ಥೆಯೊಂದನ್ನು ಕಟ್ಟಿದರು. ವಲಸಿಗರ ಪರ ನ್ಯಾಯಾಲಯಕ್ಕೆ ಹೋದದ್ದು ಅದರ ಒಂದು ಕೆಲಸ. ಹೊಸದಾಗಿ ಪೌರರಾದವರ ಹೆಸರುಗಳನ್ನು ಮನೆಮನೆಗೆ ಹೋಗಿ ಮತದಾರರ ಪಟ್ಟಿಗೆ ಸೇರಿಸಿದ್ದು ಇನ್ನೊಂದು. ಹೀಗೆ ಹತ್ತಕ್ಕೂ ಹೆಚ್ಚು ವರುಷ ದುಡಿದ ಮೇಲೆಯೇ 2014ರಲ್ಲಿ ವಾಷಿಂಗ್ಟನ್ ರಾಜ್ಯದ ಸೆನೆಟ್ಟಿಗೆ, 2016ರಲ್ಲಿ ರಾಷ್ಟ್ರೀಯ ಸಂಸತ್ತಿಗೆ ಅವರು ಆಯ್ಕೆಯಾದರು. ಅವರ ನಿಲುವುಗಳೆಲ್ಲವನ್ನೂ ಧರ್ಮಸಭೆ ಒಪ್ಪಲಾರದು. ಗರ್ಭಪಾತದ ವಿಷಯದಲ್ಲಿ ಅವರ ಪಕ್ಷ ನಮ್ಮ ಬೋಧನೆಗೆ ವಿರುದ್ಧವಾಗಿ ನಿಂತಿದೆ. ಇಲ್ಲಿ ಗಮನಿಸಬೇಕಾದದ್ದು ಅವರ ಕೆಲಸದ ಕ್ರಮವನ್ನು. ಪಟ್ಟಿ ಮೊದಲು, ಪದವಿ ಅನಂತರ. ಜಗದ್ಗುರು ಫ್ರಾನ್ಸಿಸರು 2020ರ ‘ಫ್ರತೆಲ್ಲಿ ತುತ್ತಿ’ ಪತ್ರದಲ್ಲಿ ಮುದುಕನೊಬ್ಬನನ್ನು ಹೊಳೆ ದಾಟಿಸುವುದೂ ಪ್ರೀತಿ, ಅಲ್ಲಿ ಸೇತುವೆ ಕಟ್ಟಿಸುವ ರಾಜಕಾರಣಿಯದೂ ಪ್ರೀತಿಯೇ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಮಲೆನಾಡಿನಲ್ಲಿ ಕಾಲುಸಂಕದ ಮೇಲೆ ಮಳೆಗಾಲ ಕಳೆದವರಿಗೆ ಈ ಉಪಮಾನದ ಬೆಲೆ ಹೆಚ್ಚು ತಿಳಿದೀತು.

ಲೈನ್ ಮನೆಯವರನ್ನು ಪಟ್ಟಿಗೆ ಸೇರಿಸಲು ಕಾನೂನಿನ ಅಡ್ಡಿಯಿದೆಯೇ ಎಂದು ಕೇಳುವವರುಂಟು. ಇಲ್ಲ. 1950ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಪೌರನಾದವನು ತಾನು ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಹೆಸರು ನೋಂದಾಯಿಸಬಹುದು. ಸ್ವಂತ ಮನೆ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹೊಸದಾಗಿ ಸೇರುವವನಿಗೆ ನಮೂನೆ 6, ಬೇರೆಡೆಯಿಂದ ಬಂದವನ ವರ್ಗಾವಣೆಗೆ ನಮೂನೆ 8. ಎರಡು ಕಡೆ ಹೆಸರಿರಬಾರದೆಂಬುದನ್ನು ಮಾತ್ರ ತಿಳಿಸಿಹೇಳಬೇಕು. ಊರಿನ ಮತವನ್ನು ಬಿಡಲು ಮನಸ್ಸಿಲ್ಲದವರನ್ನು, ಸುಗ್ಗಿ ಮುಗಿದೊಡನೆ ಹಿಂದಿರುಗುವವರನ್ನು ಒತ್ತಾಯಿಸಬೇಕಾಗಿಲ್ಲ. 2025ರಲ್ಲಿ ಬಿಹಾರದಿಂದ ಆರಂಭವಾಗಿ, ಅದೇ ವರ್ಷದ ಕೊನೆಗೆ ನೆರೆಯ ಕೇರಳ, ತಮಿಳುನಾಡುಗಳಿಗೂ ಬಂದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಹಳೆಯ ದಾಖಲೆಗಳನ್ನು ಹುಡುಕಿ ತರಬೇಕಾದ ಪ್ರಸಂಗ ಎಷ್ಟೋ ಜನರಿಗೆ ಒದಗಿತು. ತಂದೆಯ ಹೆಸರು ಯಾವ ತೋಟದ ವಿಳಾಸದಲ್ಲಿತ್ತೆಂದು ತಿಳಿಯದ ಮಗನಿಗೆ ಅಂಥ ಕಾಲದಲ್ಲಿ ಆಸರೆಯಾಗಬಲ್ಲ ಪುಸ್ತಕವೊಂದು ನಮ್ಮ ದೇವಾಲಯಗಳ ಕಪಾಟುಗಳಲ್ಲಿದೆ: ದೀಕ್ಷಾಸ್ನಾನದ ದಾಖಲೆ. ಅದನ್ನು ಸರಕಾರ ಎಲ್ಲ ಕಡೆಯೂ ಒಪ್ಪುವುದೆಂದು ನಾನು ಹೇಳಲಾರೆ. ಆದರೆ ಒಬ್ಬ ಮನುಷ್ಯನ ಹೆಸರು, ಅವನ ತಂದೆತಾಯಿಯರ ಹೆಸರು, ಊರು, ದಿನಾಂಕಗಳು ಅಲ್ಲಿ ಬರೆದಿವೆ. ಬೇರೆ ಕಾಗದಗಳನ್ನು ಹುಡುಕಲು ಅದು ಮೊದಲ ಸುಳಿವಾದೀತು.

ಕಷ್ಟ ಬೇರೊಂದು ಕಡೆಯಿದೆ. ಮತದಾರರ ಪಟ್ಟಿಯ ವಾರ್ಷಿಕ ಪರಿಷ್ಕರಣೆ ಸಾಮಾನ್ಯವಾಗಿ ನಡೆಯುವುದು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ. ಅರೇಬಿಕಾ ಹಣ್ಣಾಗುವುದೂ ಆಗಲೇ. ಕೆ.ಜಿ. ಲೆಕ್ಕದಲ್ಲಿ ಹಣ್ಣು ಕುಯ್ಯುವ ಹೆಂಗಸು ಒಂದು ದಿನದ ದುಡಿಮೆ ಬಿಟ್ಟು ನಮೂನೆ ತುಂಬಲು ಬರಲಾರಳು. ಮತಗಟ್ಟೆ ಅಧಿಕಾರಿ ಹಗಲು ಹೊತ್ತಿನಲ್ಲಿ ಲೈನಿಗೆ ಹೋದರೆ ಬೀಗ ಹಾಕಿದ ಬಾಗಿಲುಗಳು ಕಾಣುತ್ತವೆ. 2022ರಿಂದ ವರುಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಜುಲೈ 1 ಅವುಗಳಲ್ಲೊಂದು. ಜುಲೈಯಲ್ಲಿ ಈ ಬೆಟ್ಟಗಳಲ್ಲಿ ಮಳೆ ಹಿಡಿದು ಕೂತಿರುತ್ತದೆ, ತೋಟದ ಕೆಲಸ ಕಡಿಮೆ, ಜನ ಒಲೆಯ ಮುಂದೆ ಇರುತ್ತಾರೆ. ಬೀದಿಯಲ್ಲಿ ಮಲಗುವವನ ಅರ್ಜಿ ಬಂದರೆ ಅವನು ನಿಜವಾಗಿ ಅಲ್ಲಿಯೇ ಮಲಗುತ್ತಾನೆಯೇ ಎಂದು ಅಧಿಕಾರಿ ರಾತ್ರಿ ಹೊತ್ತು ಹೋಗಿ ನೋಡಿಬರಬೇಕೆಂದು ಚುನಾವಣಾ ಆಯೋಗದ ಸೂಚನೆಯಿದೆ. ಲೈನ್ ಮನೆಗಳಿಗೂ ಸಂಜೆಯ ಮೇಲೆಯೇ ಹೋಗಬೇಕು. ಆದರೆ ಬಹಳ ತೋಟಗಳಲ್ಲಿ ಸಂಜೆ ಆರರ ನಂತರ ಗೇಟು ಹಾಕುತ್ತಾರೆ. ಅದರ ಬೀಗದ ಕೈ ಇರುವುದು ಮಾಲೀಕರ ಬಳಿ, ಮತ್ತು ಅವರಲ್ಲಿ ಸಾಕಷ್ಟು ಮಂದಿ ಭಾನುವಾರದ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ.